ತೂಕವಿಲ್ಲದ ಚೀಟಿ: ಹಾಸನದ ಒಂದು ಜಾವಾ ಬಿಲ್ಡ್‌ನಲ್ಲಿ ಆನೊಟೇಶನ್ ಪ್ರೊಸೆಸಿಂಗ್

ಹಾಸನದ ಬಿ.ಎಂ. ರಸ್ತೆಯ ಪಕ್ಕದ ಒಂದು ಸಣ್ಣ ಕಚೇರಿಯಲ್ಲಿ ಕೆಲಸ ಮಾಡುವ ತಂಡವೊಂದು ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ ಹಲವು ವರ್ಷಗಳಿಂದ ತಂತ್ರಾಂಶ ಬರೆದು ನೋಡಿಕೊಳ್ಳುತ್ತಿದೆ. ಬೆಳೆಗಾರರು ತೋಟದಿಂದ ಪಾರ್ಚ್‌ಮೆಂಟ್ (ಒಳಸಿಪ್ಪೆ ಉಳಿಸಿ ಒಣಗಿಸಿದ ಬೀಜ) ಅಥವಾ ಚೆರಿ (ಇಡೀ ಹಣ್ಣಾಗಿ ಒಣಗಿಸಿದ್ದು) ಕಳಿಸುತ್ತಾರೆ. ಗೇಟಿನಲ್ಲಿ ತೂಕ ಹಾಕಿ, ತೇವಾಂಶ ನೋಡಿ, ಲಾಟ್ ನಂಬರ್ ಕೊಡುತ್ತಾರೆ. ಹಲ್ಲಿಂಗ್ ಆಗಿ, ಅಂದರೆ ಸಿಪ್ಪೆ ಬಿಡಿಸಿ, ಜರಡಿ ಹಿಡಿದು, ಗ್ರೇಡು ಬೇರೆಯಾದ ಮೇಲೆ ಆ ಲಾಟಿನಿಂದ ಪ್ಲಾಂಟೇಶನ್ ಎ ಎಷ್ಟು ಕಿಲೋ ಬಂತು, ಬಿ ಎಷ್ಟು, ಸಿ ಎಷ್ಟು, ಪೀಬೆರಿ (ಹಣ್ಣಿಗೆ ಒಂದೇ ಆದ ದುಂಡು ಬೀಜ) ಎಷ್ಟು ಎಂಬ ಔಟ್‌ಟರ್ನ್ ಚೀಟಿ ಬೆಳೆಗಾರರ ಕೈಗೆ ಹೋಗುತ್ತದೆ. ಇಡೀ ವರ್ಷದ ದುಡಿಮೆ ಎಷ್ಟಕ್ಕೆ ಇಳಿಯಿತು ಎಂದು ಬೆಳೆಗಾರನಿಗೆ ತಿಳಿಯುವುದು ಆ ಚೀಟಿಯಿಂದ. ವ್ಯಾಪಾರಿಯ ಜೊತೆ ಮಾತುಕತೆಗೆ ಕೂರುವಾಗಲೂ ಅದೇ ಆಧಾರ.

ಹೊಸ ಹಂಗಾಮಿಗೆ ಮುಂಚೆ ತಂಡ ಜೆಡಿಕೆ (ಜಾವಾ ಬರೆಯಲು, ಓಡಿಸಲು ಬೇಕಾದ ಸಲಕರಣೆಗಳ ಕಟ್ಟು) 17ರಿಂದ ಜೆಡಿಕೆ 25ಕ್ಕೆ ಹೋಗಲು ನಿರ್ಧರಿಸಿತು. ಎರಡೂ ದೀರ್ಘಾವಧಿ ಬೆಂಬಲದ ಆವೃತ್ತಿಗಳು, ನಡುವೆ 21 ಕೂಡ ಇತ್ತು. ಅರೇಬಿಕಾ ಕೊಯ್ಲು ನವೆಂಬರಿನ ಹೊತ್ತಿಗೆ ಶುರುವಾಗುತ್ತದೆ, ಅಷ್ಟರೊಳಗೆ ಎಲ್ಲ ಮುಗಿಯಬೇಕು. ಕೋಡಿನಲ್ಲಿ ಬದಲಾಯಿಸಬೇಕಾದದ್ದು ಹೆಚ್ಚೇನೂ ಇರಲಿಲ್ಲ. ಸಮಸ್ಯೆ ಬಂದದ್ದು ಕಂಪೈಲ್ ಹಂತದಲ್ಲಿ, ಅದರಲ್ಲೂ ಆನೊಟೇಶನ್ ಪ್ರೊಸೆಸಿಂಗ್‌ನಲ್ಲಿ, ಅಂದರೆ ಕೋಡಿಗೆ ಅಂಟಿಸಿದ ಗುರುತುಗಳನ್ನು (ಆನೊಟೇಶನ್) ಓದಿ ಕಂಪೈಲ್ ಹೊತ್ತಿನಲ್ಲೇ ಹೊಸ ಕೋಡು ಹುಟ್ಟಿಸುವ ಕೆಲಸದಲ್ಲಿ. ಪರೀಕ್ಷಾರ್ಥ ಮುದ್ರಿಸಿದ ಔಟ್‌ಟರ್ನ್ ಚೀಟಿಯಲ್ಲಿ ತೋಟದ ಹೆಸರು, ಲಾಟ್ ನಂಬರ್ ಎರಡೂ ಸರಿಯಾಗಿ ಬಂದು, ಗ್ರೇಡಿನ ತೂಕದ ಸಾಲುಗಳೆಲ್ಲ ಖಾಲಿ ಇದ್ದಾಗ ತಂಡ ನನ್ನನ್ನು ಕರೆಯಿತು. ಆ ಖಾಲಿ ಸಾಲುಗಳ ಹಿಂದೆ ಏನಿತ್ತು, ಏನು ಬದಲಾಯಿಸಿದೆವು, ಏನನ್ನು ಸದ್ಯಕ್ಕೆ ಹಾಗೇ ಬಿಟ್ಟೆವು ಎಂಬುದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಇದೇ ಜೋಡಣೆ, ಅಂದರೆ ಮೇವನ್ (ಕೋಡನ್ನು ಕಂಪೈಲ್ ಮಾಡಿ ಕಟ್ಟುವ ಬಿಲ್ಡ್ ಸಲಕರಣೆ), ಲೊಂಬೊಕ್ (ಕ್ಷೇತ್ರಗಳನ್ನು ಓದುವ ಗೆಟರ್, ತುಂಬುವ ಸೆಟರ್ ಮೆಥಡ್‌ಗಳನ್ನು ತಾನೇ ಸೇರಿಸುವ ಪ್ರೊಸೆಸರ್), ಮ್ಯಾಪ್‌ಸ್ಟ್ರಕ್ಟ್ (ಒಂದು ಕ್ಲಾಸಿನ ಮಾಹಿತಿಯನ್ನು ಇನ್ನೊಂದಕ್ಕೆ ತುಂಬುವ ಕೋಡು ಹುಟ್ಟಿಸುವ ಪ್ರೊಸೆಸರ್), ಸ್ಪ್ರಿಂಗ್ ಬೂಟ್ (ಸರ್ವರ್ ಕಟ್ಟುವ ಚೌಕಟ್ಟು), ನಮ್ಮಲ್ಲಿ ಬಹಳ ತಂಡಗಳಲ್ಲಿದೆ. ಅವರೂ ಇದೇ ದಾರಿಯಲ್ಲಿ ಬರಲೇಬೇಕು.

ಕಂಪೈಲರ್ ಒಳಗೆ ಓಡುವ ಪ್ರೋಗ್ರಾಂ

ಮೊದಲು ಹಿನ್ನೆಲೆ. ಜಾವಾಕ್ಕೆ ಆನೊಟೇಶನ್ ಬಂದದ್ದು 2004ರಲ್ಲಿ, ಜಾವಾ 5ರ ಜೊತೆ. ಆಗ ಅವನ್ನು ಓದಿ ಕೋಡು ಹುಟ್ಟಿಸಲು ಎಪಿಟಿ ಎಂಬ ಬೇರೆಯದೇ ಸಲಕರಣೆ ಇತ್ತು. 2006ರ ಜಾವಾ 6ರಲ್ಲಿ ಜೆಎಸ್ಆರ್ 269 ಎಂಬ ಜಾವಾ ಒಪ್ಪಂದದ ಮೂಲಕ ಆ ಕೆಲಸ ನೇರವಾಗಿ ಜಾವಾಸಿ ಕಂಪೈಲರಿನೊಳಗೇ ಸೇರಿಕೊಂಡಿತು. ಕಂಪೈಲರ್ ಮೂಲ ಫೈಲುಗಳನ್ನು ಓದುತ್ತದೆ, ಪ್ರೊಸೆಸರುಗಳನ್ನು ಕರೆಯುತ್ತದೆ, ಅವು ಹೊಸ ಮೂಲ ಫೈಲುಗಳನ್ನು ಬರೆಯುತ್ತವೆ. ಹೊಸ ಫೈಲು ಹುಟ್ಟಿದರೆ ಮತ್ತೊಂದು ಸುತ್ತು. ಹೊಸದೇನೂ ಹುಟ್ಟದ ಸುತ್ತು ಬಂದಾಗ ಕೊನೆಯದಾಗಿ ಒಮ್ಮೆ ಕರೆದು, ಆಮೇಲೆ ಎಲ್ಲವನ್ನೂ ಒಟ್ಟಿಗೆ ಕ್ಲಾಸ್ ಫೈಲುಗಳಾಗಿ ಇಳಿಸುತ್ತದೆ.

ಯಾವ ಪ್ರೊಸೆಸರ್ ಓಡಿಸಬೇಕು ಎಂದು ಕಂಪೈಲರಿಗೆ ಗೊತ್ತಾಗುವ ಬಗೆ ಇಲ್ಲಿ ಮುಖ್ಯ. ಪ್ರೊಸೆಸರಿನ ಜಾರ್‌ನೊಳಗೆ (ಜಾರ್ ಎಂದರೆ ಜಾವಾ ಕ್ಲಾಸುಗಳನ್ನು ಕಟ್ಟಿಟ್ಟ ಫೈಲು) ಮೆಟಾ-ಇನ್ಫ್ ಫೋಲ್ಡರಿನ ಸರ್ವಿಸಸ್ ಎಂಬಲ್ಲಿ ಒಂದು ಸಣ್ಣ ಪಠ್ಯ ಫೈಲು ಇರುತ್ತದೆ. ಪ್ರೊಸೆಸರ್ ಕ್ಲಾಸಿನ ಹೆಸರು ಅದರಲ್ಲಿರುತ್ತದೆ. ಪ್ರೊಸೆಸರ್‌ಪಾತ್ ಎಂದು ಬೇರೆ ಕೊಟ್ಟರೆ ಕಂಪೈಲರ್ ಅಲ್ಲಿ ಮಾತ್ರ ಹುಡುಕುತ್ತದೆ. ಕೊಡದಿದ್ದರೆ ಇಡೀ ಕ್ಲಾಸ್‌ಪಾತ್, ಅಂದರೆ ಕೋಡು ಬಳಸುವ ಎಲ್ಲ ಜಾರ್‌ಗಳನ್ನು, ಹುಡುಕುತ್ತಿತ್ತು, ಸಿಕ್ಕಿದ್ದನ್ನೆಲ್ಲ ಓಡಿಸುತ್ತಿತ್ತು. ಎಷ್ಟೋ ವರ್ಷ ನಾವೆಲ್ಲ ಲೊಂಬೊಕ್ಕನ್ನು ಡಿಪೆಂಡೆನ್ಸಿ (ಪ್ರಾಜೆಕ್ಟಿಗೆ ಬೇಕಾದ ಹೊರಗಿನ ಲೈಬ್ರರಿ) ಪಟ್ಟಿಗೆ ಸೇರಿಸಿ ಸುಮ್ಮನೆ ಕೂತದ್ದು ಈ ಎರಡನೆಯ ನಿಯಮದ ಬಲದ ಮೇಲೆ.

ಈ ಸವಲತ್ತಿನ ಒಳಗೊಂದು ಅಪಾಯವೂ ಇದೆ. ಪ್ರೊಸೆಸರ್ ಎಂಬುದು ಬಿಲ್ಡ್ ನಡೆಯುವ ಮಷೀನಿನಲ್ಲಿ, ಕಂಪೈಲರಿನ ಅದೇ ಅಧಿಕಾರದಲ್ಲಿ ಓಡುವ ಪೂರ್ಣ ಪ್ರೋಗ್ರಾಂ. ಅದು ಫೈಲು ಓದಬಲ್ಲದು, ನೆಟ್‌ವರ್ಕಿಗೆ ಹೋಗಬಲ್ಲದು. ಡಿಪೆಂಡೆನ್ಸಿಯ ಡಿಪೆಂಡೆನ್ಸಿಯಾಗಿ ಯಾವುದೋ ಜಾರ್ ಒಳಗೆ ಬಂದರೂ ಅದರ ಪ್ರೊಸೆಸರ್ ಯಾರನ್ನೂ ಕೇಳದೆ ಓಡುತ್ತಿತ್ತು. ಆದ್ದರಿಂದಲೇ 2023ರ ಜೆಡಿಕೆ 21ರಲ್ಲಿ ಕಂಪೈಲರ್ ಒಂದು ಸೂಚನೆ ಮುದ್ರಿಸತೊಡಗಿತು: ಪ್ರೊಸೆಸಿಂಗ್ ತಾನಾಗಿಯೇ ಚಾಲೂ ಆಗಿದೆ, ಮುಂದೊಂದು ಆವೃತ್ತಿಯಲ್ಲಿ ಇದು ನಿಲ್ಲಬಹುದು ಎಂದು. 2024ರ ಜೆಡಿಕೆ 23ರಲ್ಲಿ ನಿಂತೇಹೋಯಿತು. ಈಗ ಪ್ರೊಸೆಸರ್‌ಪಾತ್ ಕೊಡಬೇಕು, ಇಲ್ಲವೇ ಪ್ರೊಸೆಸರ್ ಹೆಸರು ಹೇಳಬೇಕು, ಇಲ್ಲವೇ -ಪ್ರೋಕ್:ಫುಲ್ ಎಂದು ಸ್ಪಷ್ಟವಾಗಿ ಕೇಳಬೇಕು. ಇದು ಸರಿಯಾದ ನಿರ್ಧಾರ ಎಂದು ನಾನು ನಂಬಿದ್ದೇನೆ. ತಡವಾಗಿ ಬಂತು ಎಂಬುದೊಂದೇ ನನ್ನ ತಕರಾರು.

ಹಾಸನದ ತಂಡ 17ರಿಂದ ನೇರವಾಗಿ 25ಕ್ಕೆ ಹಾರಿತ್ತು. ಹೀಗಾಗಿ 21ರ ಸೂಚನೆಯನ್ನು ಅವರು ಒಮ್ಮೆಯೂ ಕಂಡಿರಲಿಲ್ಲ.

ಮೂರು ಹೆಜ್ಜೆ, ಮೂರು ಬೇರೆ ಬೇರೆ ಲಕ್ಷಣ

25ರಲ್ಲಿ ಮೊದಲ ಬಿಲ್ಡ್ ಓಡಿಸಿದಾಗ ಪರದೆ ತುಂಬ "ಸಿಂಬಲ್ ಸಿಗುತ್ತಿಲ್ಲ" ಎಂಬ ದೋಷಗಳು. ಗೆಟ್ ತೂಕ ಇಲ್ಲ, ಸೆಟ್ ತೇವಾಂಶ ಇಲ್ಲ, ಬಿಲ್ಡರ್ ಇಲ್ಲ, ಲಾಗರ್ ಇಲ್ಲ. ಲೊಂಬೊಕ್ ಓಡಿಲ್ಲ ಎಂಬುದು ನೋಡಿದ ತಕ್ಷಣ ತಿಳಿಯುತ್ತದೆ. ಇಂಥ ದೋಷ ನೋಡಲು ಭಯಂಕರ, ಆದರೆ ಇದರಿಂದ ಕೇಡಿಲ್ಲ. ಬಿಲ್ಡ್ ನಿಂತಿದೆ, ತಪ್ಪಾದದ್ದೇನೂ ಹೊರಗೆ ಹೋಗುವುದಿಲ್ಲ.

ತಂಡದ ಒಬ್ಬರು -ಪ್ರೋಕ್:ಫುಲ್ ಸೇರಿಸಿ ನೋಡಿದರು. ಎಲ್ಲ ಮೊದಲಿನಂತೆ ಆಯಿತು. ಅದನ್ನೇ ಉಳಿಸಿಕೊಂಡಿದ್ದರೆ ಮುಂದಿನ ಗೊಂದಲ ತಪ್ಪುತ್ತಿತ್ತು ಎಂಬುದು ನಿಜ. ಆದರೂ ಆ ದಾರಿ ನನಗೆ ಒಪ್ಪಿಗೆಯಿಲ್ಲ, ಕಾರಣ ಹಳೆಯ ಅಪಾಯವನ್ನು ಅದು ಇದ್ದಂತೆಯೇ ಉಳಿಸುತ್ತದೆ: ಕ್ಲಾಸ್‌ಪಾತ್‌ನಲ್ಲಿ ಯಾರಿದ್ದಾರೋ ಅವರೆಲ್ಲ ಕಂಪೈಲರಿನೊಳಗೆ. ತಂಡಕ್ಕೂ ಇದು ತಾತ್ಕಾಲಿಕ ಅನಿಸಿತ್ತು. ಹಾಗಾಗಿ ಇನ್ನೊಬ್ಬರು ಮೇವನ್ ಕಂಪೈಲರ್ ಪ್ಲಗಿನ್‌ನ ಆನೊಟೇಶನ್‌ಪ್ರೊಸೆಸರ್‌ಪಾತ್ಸ್ ಎಂಬ ಸೆಟ್ಟಿಂಗ್ ಬಳಸಿ ಅದರಲ್ಲಿ ಲೊಂಬೊಕ್ಕನ್ನು ಬರೆದರು. ಪ್ಲಗಿನ್‌ನ 3.5ನೆಯ ಆವೃತ್ತಿಯಿಂದಲೂ ಇದು ಲಭ್ಯವಿದೆ, ದಾರಿಯೂ ಸರಿಯಾದದ್ದೇ. ಕಂಪೈಲ್ ಹಸಿರಾಯಿತು.

ಆದರೆ ಸರ್ವರ್ ಮೇಲೇಳಲಿಲ್ಲ. ಲಾಟನ್ನು ಚೀಟಿಯಾಗಿ ಬದಲಿಸುವ, ಮ್ಯಾಪ್‌ಸ್ಟ್ರಕ್ಟ್ ಹುಟ್ಟಿಸಬೇಕಾದ ಲಾಟ್ ಮ್ಯಾಪರ್ ಎಂಬ ಬೀನ್ (ಸ್ಪ್ರಿಂಗ್ ನೋಡಿಕೊಳ್ಳುವ ಆಬ್ಜೆಕ್ಟ್) ಸಿಗುತ್ತಿಲ್ಲ ಎಂದು ಸ್ಪ್ರಿಂಗ್ ನಿಂತುಬಿಟ್ಟಿತು. ಆನೊಟೇಶನ್‌ಪ್ರೊಸೆಸರ್‌ಪಾತ್ಸ್ ಬರೆದ ಕ್ಷಣದಿಂದ ಮೇವನ್ ಅದನ್ನು ಪ್ರೊಸೆಸರ್‌ಪಾತ್ ಆಗಿ ಕಂಪೈಲರಿಗೆ ಕೊಡುತ್ತದೆ, ಕಂಪೈಲರ್ ಕ್ಲಾಸ್‌ಪಾತ್‌ನತ್ತ ತಿರುಗಿಯೂ ನೋಡುವುದಿಲ್ಲ. ಪಟ್ಟಿಯಲ್ಲಿ ಲೊಂಬೊಕ್ ಮಾತ್ರ ಇತ್ತು, ಆದ್ದರಿಂದ ಮ್ಯಾಪ್‌ಸ್ಟ್ರಕ್ಟ್ ಓಡಲೇ ಇಲ್ಲ. ಮ್ಯಾಪರ್ ಒಂದು ಇಂಟರ್‌ಫೇಸ್ ಆದ್ದರಿಂದ ಅದನ್ನು ಜಾರಿಗೊಳಿಸುವ ಕ್ಲಾಸ್ ಇಲ್ಲದಿದ್ದರೂ ಕಂಪೈಲರಿಗೆ ದೂರಿಲ್ಲ. ಇದು ಹೊಳೆಯಲು ತಂಡಕ್ಕೆ ಸಮಯ ಹಿಡಿದದ್ದಕ್ಕೆ ಇನ್ನೊಂದು ಕಾರಣವಿತ್ತು: ಕೆಲವರ ಮಷೀನಿನಲ್ಲಿ ಸರ್ವರ್ ಸರಿಯಾಗಿಯೇ ಏಳುತ್ತಿತ್ತು. ಅವರ ಐಡಿಇಯ (ಕೋಡು ಬರೆಯುವ ತಂತ್ರಾಂಶ) ಸೆಟ್ಟಿಂಗ್ ಇನ್ನೂ ಕ್ಲಾಸ್‌ಪಾತ್‌ನಿಂದಲೇ ಪ್ರೊಸೆಸರ್ ಎತ್ತಿಕೊಳ್ಳುತ್ತಿತ್ತು. ಅದು ಹುಟ್ಟಿಸಿದ ಕ್ಲಾಸುಗಳು ಟಾರ್ಗೆಟ್ ಫೋಲ್ಡರಿನಲ್ಲಿ ಕೂತಿದ್ದವು. ಒಬ್ಬರ ಮೇಜಿನ ಮೇಲೆ ಓಡುವುದು ಪಕ್ಕದವರ ಮೇಜಿನ ಮೇಲೆ ಓಡುವುದಿಲ್ಲ ಎಂಬ ಪರಿಸ್ಥಿತಿ ಬಂದರೆ ನಾನು ಮೊದಲು ನೋಡುವುದು ಇದನ್ನೇ: ಐಡಿಇ ಮತ್ತು ಮೇವನ್ ಒಂದೇ ಪ್ರೊಸೆಸರ್ ಪಟ್ಟಿ ಬಳಸುತ್ತಿವೆಯೇ?

ಮೂರನೆಯ ಹೆಜ್ಜೆಯಾಗಿ ಮ್ಯಾಪ್‌ಸ್ಟ್ರಕ್ಟ್ ಪ್ರೊಸೆಸರನ್ನು ಪಟ್ಟಿಗೆ ಸೇರಿಸಿದರು. ಸೇರಿಸಿದ್ದು ಲೊಂಬೊಕ್‌ನ ಮೇಲಿನ ಸಾಲಿನಲ್ಲಿ. ಕಂಪೈಲ್ ಹಸಿರು, ಸರ್ವರ್ ಎದ್ದಿತು, ಪರೀಕ್ಷೆಗಳೂ ಪಾಸು. ಹಂಗಾಮಿಗೆ ಸಿದ್ಧ ಎಂದುಕೊಂಡು ಚೀಟಿ ಮುದ್ರಿಸಿದಾಗ ತೂಕದ ಸಾಲುಗಳು ಖಾಲಿ.

ಹುಟ್ಟಿದ ಕೋಡನ್ನು ತೆರೆದಾಗ

ಇಂಥ ಸಮಯದಲ್ಲಿ ಡಿಬಗ್ಗರ್ ಹಿಡಿದು ಕೂರುವ ಮೊದಲು ಹುಟ್ಟಿದ ಮೂಲ ಫೈಲನ್ನು ತೆರೆದು ಓದುವುದು ಒಳ್ಳೆಯದು. ಮೇವನ್‌ನಲ್ಲಿ ಅದು ಟಾರ್ಗೆಟ್ ಒಳಗಿನ ಜನರೇಟೆಡ್-ಸೋರ್ಸಸ್, ಅದರೊಳಗಿನ ಆನೊಟೇಶನ್ಸ್ ಫೋಲ್ಡರಿನಲ್ಲಿರುತ್ತದೆ. ಲಾಟ್ ಮ್ಯಾಪರಿನ ಜಾರಿ ಕ್ಲಾಸನ್ನು ಅಲ್ಲಿ ತೆರೆದೆವು. ಲಾಟನ್ನು ಚೀಟಿಯಾಗಿ ಬದಲಿಸುವ ಮೆಥಡ್ ತೀರಾ ಗಿಡ್ಡ: ಲಾಟ್ ನಲ್ ಆಗಿದ್ದರೆ ನಲ್ ಹಿಂತಿರುಗಿಸು, ಹೊಸ ಚೀಟಿ ಮಾಡು, ಲಾಟ್ ನಂಬರ್ ತುಂಬು, ತೋಟದ ಹೆಸರು ತುಂಬು, ಚೀಟಿ ಹಿಂತಿರುಗಿಸು. ಅಷ್ಟೇ. ಬಂದ ತೂಕ, ತೇವಾಂಶ, ಪ್ಲಾಂಟೇಶನ್ ಎ, ಬಿ, ಸಿ, ಪೀಬೆರಿ, ಒಂದಕ್ಕೂ ಸಾಲಿಲ್ಲ.

ಇವೆರಡು ಮಾತ್ರ ಏಕೆ ಉಳಿದವು ಎಂಬುದರಲ್ಲೇ ಉತ್ತರವಿತ್ತು. ಲಾಟ್ ನಂಬರ್ ಮತ್ತು ತೋಟದ ಹೆಸರು ಒಂದು ಹಳೆಯ ಬೇಸ್ ಕ್ಲಾಸಿನಿಂದ (ಚೀಟಿಯ ಕ್ಲಾಸ್ ಇಳಿದು ಬಂದ ಕ್ಲಾಸ್) ಬಂದವು. ಆ ಕ್ಲಾಸಿನ ಗೆಟರ್, ಸೆಟರುಗಳನ್ನು ಯಾರೋ ಕೈಯಿಂದಲೇ ಬರೆದಿದ್ದರು. ಮಿಕ್ಕವೆಲ್ಲ ಲೊಂಬೊಕ್‌ನ ಡೇಟಾ ಆನೊಟೇಶನ್ ಹೊತ್ತ ಕ್ಲಾಸಿನವು, ಅವುಗಳ ಸೆಟರ್ ಮೂಲ ಫೈಲಿನಲ್ಲಿ ಇಲ್ಲ. ಪಟ್ಟಿಯಲ್ಲಿ ಮೇಲಿದ್ದ ಮ್ಯಾಪ್‌ಸ್ಟ್ರಕ್ಟ್ ಮೊದಲು ಓಡಿತು. ಅದು ನೋಡಿದ ಹೊತ್ತಿಗೆ ಚೀಟಿಯ ಕ್ಲಾಸಿನಲ್ಲಿ ಕೈಯಿಂದ ಬರೆದ ಎರಡು ಸೆಟರುಗಳು ಮಾತ್ರ ಇದ್ದವು. ಅವೆರಡನ್ನು ಶಿಸ್ತಾಗಿ ತುಂಬಿ ಅದು ತನ್ನ ಕೆಲಸ ಮುಗಿಸಿತು. ಲೊಂಬೊಕ್ ಬಂದದ್ದು ಆಮೇಲೆ. ಹಲ್ಲಿಂಗ್ ಆಗದ ಪಾರ್ಚ್‌ಮೆಂಟನ್ನು 6.65 ಮಿಲಿಮೀಟರ್ ಜರಡಿಗೆ ಹಾಕಿ ಇಷ್ಟೇ ಎ ಗ್ರೇಡು ಎಂದು ಬರೆದುಕೊಂಡ ಹಾಗೆ ಆಗಿತ್ತು.

ಮ್ಯಾಪ್‌ಸ್ಟ್ರಕ್ಟ್‌ನಲ್ಲಿ ಅನ್‌ಮ್ಯಾಪ್ಡ್ ಟಾರ್ಗೆಟ್ ಪಾಲಿಸಿ ಎಂಬ ಸೆಟ್ಟಿಂಗ್ ಇದೆ. ಅದನ್ನು ಎರರ್ ಎಂದಿಟ್ಟರೆ ಗುರಿಯ ಕ್ಲಾಸಿನ ಯಾವುದೇ ಪ್ರಾಪರ್ಟಿ ತುಂಬದೆ ಉಳಿದಾಗ ಬಿಲ್ಡ್ ನಿಲ್ಲುತ್ತದೆ. ಈ ತಂಡ ಅದನ್ನು ಹಾಗೆಯೇ ಇಟ್ಟಿತ್ತು, ಒಳ್ಳೆಯ ಶಿಸ್ತು. ಆದರೂ ಇಲ್ಲಿ ಅದು ಕಾಪಾಡಲಿಲ್ಲ. ಕಾಣದ ಪ್ರಾಪರ್ಟಿಯನ್ನು "ತುಂಬದೆ ಉಳಿದದ್ದು" ಎಂದು ಅದು ಹೇಗೆ ಎಣಿಸೀತು? ಮ್ಯಾಪರಿನಲ್ಲಿ ಒಂದಾದರೂ ಕ್ಷೇತ್ರವನ್ನು ಹೆಸರು ಹಿಡಿದು ಜೋಡಿಸಿದ್ದರೆ "ಇಂಥ ಪ್ರಾಪರ್ಟಿ ಇಲ್ಲ" ಎಂಬ ದೋಷ ಬಂದು ಎಲ್ಲ ಬಯಲಾಗುತ್ತಿತ್ತು. ಎರಡೂ ಕಡೆ ಹೆಸರು ಒಂದೇ ಇದ್ದುದರಿಂದ ಹಾಗೆ ಬರೆಯುವ ಅಗತ್ಯ ಬಿದ್ದಿರಲಿಲ್ಲ. ಪರೀಕ್ಷೆ ಇತ್ತು, ಅದು ಹೋಲಿಸುತ್ತಿದ್ದದ್ದು ಲಾಟ್ ನಂಬರನ್ನು ಮಾತ್ರ.

ಇದಕ್ಕೆ ಪರಿಹಾರ ಬರೀ ಸಾಲು ಮೇಲೆ ಕೆಳಗೆ ಮಾಡುವುದಲ್ಲ. ಲೊಂಬೊಕ್ ಹೊಸ ಫೈಲು ಬರೆಯುವ ಸಾಮಾನ್ಯ ಪ್ರೊಸೆಸರ್ ಅಲ್ಲ. ಇರುವ ಕ್ಲಾಸಿನ ಸಿಂಟ್ಯಾಕ್ಸ್ ಮರವನ್ನೇ (ಕೋಡನ್ನು ಓದಿ ಕಂಪೈಲರ್ ಕಟ್ಟಿಕೊಂಡ ರೂಪ) ಕಂಪೈಲರಿನ ಒಳಗಿಳಿದು ತಿದ್ದುತ್ತದೆ. ಜೆಎಸ್ಆರ್ 269ರ ಒಪ್ಪಂದದಲ್ಲಿ ಇದಕ್ಕೆ ಜಾಗವೇ ಇಲ್ಲ. ಆದ್ದರಿಂದ ಪಕ್ಕದ ಪ್ರೊಸೆಸರಿಗೆ "ಈ ಕ್ಲಾಸ್ ಇನ್ನೂ ಪೂರ್ತಿಯಾಗಿಲ್ಲ, ಕಾಯಿ" ಎಂದು ಹೇಳುವ ಅಧಿಕೃತ ದಾರಿಯೂ ಇಲ್ಲ. ಮ್ಯಾಪ್‌ಸ್ಟ್ರಕ್ಟ್ ತಾನೇ ಒಂದು ದಾರಿ ಮಾಡಿಕೊಟ್ಟಿದೆ: ಯಾರಾದರೂ ಕ್ಲಾಸನ್ನು ತಿದ್ದುವವರಿದ್ದರೆ, ಈ ಕ್ಲಾಸ್ ಪೂರ್ತಿಯಾಯಿತೇ ಎಂದು ಅವರನ್ನು ಕೇಳುತ್ತದೆ. ಇಲ್ಲ ಎಂದರೆ ಮುಂದಿನ ಸುತ್ತಿಗೆ ಮುಂದೂಡುತ್ತದೆ. ಆ ಪ್ರಶ್ನೆಗೆ ಉತ್ತರಿಸುವ ತುಣುಕು ಮೊದಲು ಲೊಂಬೊಕ್ ಜಾರ್‌ನಲ್ಲೇ ಇತ್ತು. 2020ರಲ್ಲಿ ಬಂದ 1.18.16ರಿಂದ ಅದು ಲೊಂಬೊಕ್-ಮ್ಯಾಪ್‌ಸ್ಟ್ರಕ್ಟ್-ಬೈಂಡಿಂಗ್ ಎಂಬ ಬೇರೆ ಜಾರ್‌ಗೆ ಹೋಯಿತು. ಪಟ್ಟಿಯಲ್ಲಿ ಆ ಜಾರ್ ಇಲ್ಲದಿದ್ದರೆ ಮ್ಯಾಪ್‌ಸ್ಟ್ರಕ್ಟ್‌ಗೆ ಕೇಳಲು ಯಾರೂ ಇಲ್ಲ, ಕಾಯುವುದೂ ಇಲ್ಲ.

ಹಾಗಾಗಿ ಪಟ್ಟಿಯಲ್ಲಿ ಈಗ ಲೊಂಬೊಕ್, ಬೈಂಡಿಂಗ್, ಮ್ಯಾಪ್‌ಸ್ಟ್ರಕ್ಟ್ ಪ್ರೊಸೆಸರ್ ಮೂರೂ ಇವೆ, ಆವೃತ್ತಿ ಸಂಖ್ಯೆ ಸಮೇತ. ಜಾವಾಸಿಗೆ ಎಕ್ಸ್‌ಪ್ರಿಂಟ್‌ರೌಂಡ್ಸ್ ಎಂಬ ಆಯ್ಕೆ ಕೊಟ್ಟರೆ ಪ್ರತಿ ಸುತ್ತಿನಲ್ಲಿ ಏನು ಒಳಗೆ ಬಂತೆಂದು ಮುದ್ರಿಸುತ್ತದೆ, ಎಕ್ಸ್‌ಪ್ರಿಂಟ್‌ಪ್ರೊಸೆಸರ್‌ಇನ್ಫೋ ಕೊಟ್ಟರೆ ಯಾವ ಪ್ರೊಸೆಸರಿಗೆ ಯಾವ ಆನೊಟೇಶನ್ ಹೋಯಿತೆಂದು. ಎರಡನ್ನೂ ಹಚ್ಚಿ ನೋಡಿ ತಂಡದವರು ತಾವೇ ಖಾತ್ರಿ ಮಾಡಿಕೊಂಡರು. ಈ ಎರಡು ಆಯ್ಕೆಗಳನ್ನು ಜಾವಾ ಬರೆಯುವ ಪ್ರತಿಯೊಬ್ಬರೂ ಒಮ್ಮೆಯಾದರೂ ಓಡಿಸಿ ನೋಡಬೇಕು. ತಮ್ಮ ಕಂಪೈಲರಿನೊಳಗೆ ಯಾರ್‍ಯಾರು ಓಡುತ್ತಿದ್ದಾರೆ ಎಂದು ಕಣ್ಣಾರೆ ಕಂಡ ಮೇಲೆ ಪ್ರೊಸೆಸರನ್ನು ಮಾಮೂಲಿ ಲೈಬ್ರರಿಯಂತೆ ನೋಡಲು ಆಗುವುದಿಲ್ಲ.

ಮನೆಯಲ್ಲೇ ಬರೆದ ಪ್ರೊಸೆಸರ್

ತೂಕ ಬಂತು, ಆದರೆ ಕೆಲಸ ಅಲ್ಲಿಗೆ ನಿಲ್ಲಲಿಲ್ಲ. ತಂಡ ತಾನೇ ಬರೆದ ಒಂದು ಪ್ರೊಸೆಸರ್ ಕೂಡ ಇತ್ತು. ಅದು ಗ್ರೇಡುಗಳ ಪಟ್ಟಿಯಿರುವ ಒಂದು ಪಠ್ಯ ಫೈಲನ್ನು ಓದಿ, ನಿರ್ದಿಷ್ಟ ಆನೊಟೇಶನ್ ಹೊತ್ತ ಕ್ಲಾಸುಗಳನ್ನೆಲ್ಲ ಕೂಡಿಸಿ, ಗ್ರೇಡು ನೋಂದಣಿ ಎಂಬ ಒಂದೇ ಕ್ಲಾಸನ್ನು ಹುಟ್ಟಿಸುತ್ತಿತ್ತು. ಮೈಸೂರ್ ನಗೆಟ್ಸ್ ಎಕ್ಸ್‌ಟ್ರಾ ಬೋಲ್ಡ್‌ನಂಥ ವಿಶೇಷ ಗ್ರೇಡನ್ನು ಹೊಸದಾಗಿ ಸೇರಿಸಬೇಕಾದಾಗ ಆ ಪಠ್ಯ ಫೈಲಿಗೆ ಒಂದು ಸಾಲು ಬರೆದರಾಯಿತು ಎಂಬುದು ಉದ್ದೇಶ. ವಾಸ್ತವದಲ್ಲಿ ಸಾಲು ಬರೆದು ಬಿಲ್ಡ್ ಓಡಿಸಿದರೆ ಗ್ರೇಡು ಬರುತ್ತಿರಲಿಲ್ಲ. "ಕಂಪೈಲ್ ಮಾಡಲು ಏನೂ ಇಲ್ಲ, ಎಲ್ಲ ಕ್ಲಾಸುಗಳೂ ಹೊಸದಾಗಿವೆ" ಎಂದು ಮೇವನ್ ಹೇಳಿ ಮುಂದೆ ಹೋಗುತ್ತಿತ್ತು. ಹಿಂದೆ ಕಟ್ಟಿದ್ದನ್ನೆಲ್ಲ ಅಳಿಸುವ ಕ್ಲೀನ್ ಆದೇಶ ಹಾಕಿ ಓಡಿಸಿದರೆ ಬರುತ್ತಿತ್ತು. ಹೀಗಾಗಿ ಏನೇ ಸಣ್ಣ ಬದಲಾವಣೆಗೂ ಮೊದಲು ಕ್ಲೀನ್ ಎಂಬುದು ಕಚೇರಿಯ ರೂಢಿಯಾಗಿಬಿಟ್ಟಿತ್ತು. ಎಲ್ಲ ಮಾಡ್ಯೂಲುಗಳೂ ಪ್ರತಿ ಸಲ ಮೊದಲಿಂದ ಕಂಪೈಲ್ ಆಗುತ್ತಿದ್ದವು. ಹೊಸದಾಗಿ ಸೇರಿದವರಿಗೂ ಅದನ್ನೇ ಹೇಳಿಕೊಡುತ್ತಿದ್ದರು.

ಕಾರಣ ಸರಳ. ಮೇವನ್ ಬದಲಾವಣೆ ಪತ್ತೆ ಮಾಡುವುದು ಜಾವಾ ಮೂಲ ಫೈಲುಗಳಲ್ಲಿ, ಡಿಪೆಂಡೆನ್ಸಿಗಳಲ್ಲಿ. ಪ್ರೊಸೆಸರ್ ಒಳಗೊಳಗೇ ಬೇರೆ ಫೈಲೊಂದನ್ನು ತೆರೆದು ಓದುತ್ತಿದೆ ಎಂದು ಅದಕ್ಕೆ ಯಾರೂ ಹೇಳಿಲ್ಲ. ಬಿಲ್ಡ್ ಸಲಕರಣೆಗೆ ಗೊತ್ತಿಲ್ಲದ ಒಳಹರಿವು ಇದ್ದರೆ ಅದು ಕೊಡುವ "ಎಲ್ಲ ಹೊಸದಾಗಿದೆ" ಎಂಬ ಭರವಸೆಗೆ ಬೆಲೆಯಿಲ್ಲ. ತಂಡಕ್ಕೆ ನಾನು ಒತ್ತಿ ಹೇಳಿದ್ದು ಇದನ್ನೇ: ಕ್ಲೀನ್ ಹಾಕಿದಾಗ ಮಾತ್ರ ಸರಿಯಾಗುವ ಬಿಲ್ಡ್ ಎಂದರೆ ಅದರಲ್ಲಿ ಎಲ್ಲೋ ಬಚ್ಚಿಟ್ಟ ಒಳಹರಿವಿದೆ ಎಂದು ಅರ್ಥ. ಅದನ್ನು ಹುಡುಕಬೇಕು, ರೂಢಿ ಮಾಡಿಕೊಳ್ಳಬಾರದು.

ನಾವು ಆ ಪಠ್ಯ ಫೈಲನ್ನೇ ತೆಗೆದೆವು. ಗ್ರೇಡುಗಳು ಈಗ ಒಂದು ಜಾವಾ ಈನಮ್‌ನಲ್ಲಿವೆ (ನಿಗದಿತ ಹೆಸರುಗಳ ಪಟ್ಟಿ ಇರುವ ಕ್ಲಾಸ್), ಪ್ರತಿ ಗ್ರೇಡಿಗೂ ಅದರ ಹೆಸರು, ಜರಡಿಯ ಅಳತೆ ಪಕ್ಕದಲ್ಲೇ. ಹೊಸ ಗ್ರೇಡು ಸೇರಿಸಿದರೆ ಮೂಲ ಫೈಲು ಬದಲಾಗುತ್ತದೆ, ಮೇವನ್ ತಾನಾಗಿ ಕಂಪೈಲ್ ಮಾಡುತ್ತದೆ. ಪ್ರೊಸೆಸರಿನ ಅರ್ಧ ಕೋಡು ಇದರಿಂದ ಬೇಡವಾಯಿತು.

ಉಳಿದ ಅರ್ಧದಲ್ಲಿ ಇನ್ನೂ ಎರಡು ವಿಷಯ ಸಿಕ್ಕವು. ಒಂದು ಚಿಕ್ಕದು: ಅದು ತಾನು ಬೆಂಬಲಿಸುವ ಭಾಷಾ ಆವೃತ್ತಿ 8 ಎಂದು ಘೋಷಿಸಿಕೊಂಡಿತ್ತು. ಪ್ರತಿ ಕಂಪೈಲಿಗೂ ಅದರ ಎಚ್ಚರಿಕೆ ಬರುತ್ತಿತ್ತು, ಇಂಥ ಸಾಲುಗಳ ರಾಶಿಯಲ್ಲಿ ಮುಖ್ಯವಾದವು ಮುಳುಗುತ್ತಿದ್ದವು. ಲಭ್ಯವಿರುವ ಇತ್ತೀಚಿನ ಆವೃತ್ತಿ ಎಂದು ಹೇಳುವಂತೆ ಬದಲಾಯಿಸಿದೆವು.

ಇನ್ನೊಂದು ದೊಡ್ಡದು. ಪ್ರೊಸೆಸರ್ ಇರುವ ಮಾಡ್ಯೂಲ್ ಅದೇ ಪ್ರಾಜೆಕ್ಟಿನ ಭಾಗ. ಅದನ್ನು ಆನೊಟೇಶನ್‌ಪ್ರೊಸೆಸರ್‌ಪಾತ್ಸ್ ಪಟ್ಟಿಗೆ ಸೇರಿಸಿದ ಮೇಲೆ ಹಳೆಯ ಡಿಪೆಂಡೆನ್ಸಿ ಸಾಲನ್ನು "ಇನ್ನು ಬೇಡ" ಎಂದು ಅಳಿಸಿದ್ದರು. ಮೇವನ್ ಮಾಡ್ಯೂಲುಗಳ ಸರದಿ ನಿರ್ಧರಿಸುವಾಗ ಡಿಪೆಂಡೆನ್ಸಿಗಳನ್ನು ನೋಡುತ್ತದೆ, ಪ್ಲಗಿನ್ ಸೆಟ್ಟಿಂಗ್ ಒಳಗೆ ಬರೆದ ಪ್ರೊಸೆಸರ್ ಪಟ್ಟಿಯನ್ನು ನೋಡುವುದಿಲ್ಲ. ಹಾಗಾಗಿ ಪ್ರೊಸೆಸರ್ ಮಾಡ್ಯೂಲ್ ಮೊದಲು ಆಗಬೇಕೆಂದು ಅದಕ್ಕೆ ತಿಳಿಯದು. ಹಳಬರ ಮಷೀನಿನಲ್ಲಿ ಮೇವನ್ ಜಾರ್‌ಗಳನ್ನು ಕೂಡಿಡುವ .ಎಂ2 ಫೋಲ್ಡರಿನಲ್ಲಿದ್ದ ಹಿಂದಿನ ಜಾರ್ ಸಿಕ್ಕಿ, ಹಳೆಯ ಪ್ರೊಸೆಸರ್ ಸದ್ದಿಲ್ಲದೆ ಓಡುತ್ತಿತ್ತು. ಹೊಸ ಮಷೀನಿನಲ್ಲಿ ಜಾರ್ ಸಿಗುತ್ತಿಲ್ಲ ಎಂದು ಬಿಲ್ಡ್ ಬೀಳುತ್ತಿತ್ತು. ಡಿಪೆಂಡೆನ್ಸಿ ಸಾಲನ್ನು ಪ್ರೊವೈಡೆಡ್ ಸ್ಕೋಪಿನಲ್ಲಿ ವಾಪಸು ಹಾಕಿದೆವು. ಓಡುವಾಗಿನ ಪ್ಯಾಕೇಜಿಗೆ ಅದು ಸೇರುವುದಿಲ್ಲ, ಸರದಿ ಮಾತ್ರ ಸರಿಯಾಗುತ್ತದೆ. ಪ್ರೊಸೆಸರ್ ಮಾಡ್ಯೂಲಿನಲ್ಲಿ -ಪ್ರೋಕ್:ನನ್ (ಪ್ರೊಸೆಸಿಂಗ್ ಬೇಡ ಎನ್ನುವ ಆಯ್ಕೆ) ಮೊದಲೇ ಇತ್ತು, ಇರಲೇಬೇಕು. ಇಲ್ಲದಿದ್ದರೆ ಸರ್ವಿಸಸ್ ಫೈಲಿನಲ್ಲಿ ಹೆಸರಿದ್ದು ಕ್ಲಾಸ್ ಇನ್ನೂ ಕಂಪೈಲ್ ಆಗಿರದೆ, ತನ್ನನ್ನೇ ತಾನು ಹುಡುಕಿಕೊಂಡು ಕಂಪೈಲರ್ ಬೀಳುವ ಸಾಧ್ಯತೆ ಇರುತ್ತದೆ.

ಗ್ರೇಡಲ್‌ಗೆ ಹೋಗಬೇಕಿತ್ತೇ?

ಗ್ರೇಡಲ್ ಮೇವನ್‌ನಂಥದೇ ಇನ್ನೊಂದು ಬಿಲ್ಡ್ ಸಲಕರಣೆ. ನಡುವೆ ಈ ಪ್ರಶ್ನೆ ಬಂತು. ತಂಡದ ಕಿರಿಯ ಇಂಜಿನಿಯರ್ ಒಬ್ಬರು ಗಟ್ಟಿಯಾಗಿ ವಾದಿಸಿದರು, ವಾದದಲ್ಲಿ ಹುರುಳಿತ್ತು. ಗ್ರೇಡಲ್ 2018ರಲ್ಲೇ ಈ ದಾರಿ ಹಿಡಿದಿತ್ತು: 4.6ರಲ್ಲಿ ಆನೊಟೇಶನ್‌ಪ್ರೊಸೆಸರ್ ಎಂಬ ಪ್ರತ್ಯೇಕ ಕಾನ್ಫಿಗರೇಶನ್ ತಂದಿತು, ಅದೇ ವರ್ಷದ ಕೊನೆಯ 5.0ರಿಂದ ಕಂಪೈಲ್ ಕ್ಲಾಸ್‌ಪಾತ್‌ನಲ್ಲಿ ಪ್ರೊಸೆಸರ್ ಹುಡುಕುವುದನ್ನೇ ಬಿಟ್ಟಿತು. ಪ್ರೊಸೆಸರ್ ಪಟ್ಟಿ ಖಾಲಿಯಿದ್ದರೆ -ಪ್ರೋಕ್:ನನ್ ಎಂದೇ ಕಂಪೈಲರಿಗೆ ಹೇಳುತ್ತದೆ. ಹಾಗಾಗಿ ಜೆಡಿಕೆ 23ರ ಬದಲಾವಣೆ ಗ್ರೇಡಲ್ ಬಳಸುವವರಿಗೆ ತಟ್ಟಲೇ ಇಲ್ಲ.

ಅದಕ್ಕಿಂತ ಮುಖ್ಯವಾದದ್ದು 4.7ರಲ್ಲಿ ಬಂದ ಹಂತಹಂತದ ಪ್ರೊಸೆಸಿಂಗ್. ಪ್ರೊಸೆಸರ್ ತಾನು ಯಾವ ಜಾತಿಯದೆಂದು ಜಾರ್‌ನೊಳಗಿನ ಒಂದು ಫೈಲಿನಲ್ಲಿ ಘೋಷಿಸಬೇಕು. ಐಸೊಲೇಟಿಂಗ್ ಎಂದರೆ ಒಂದು ಕ್ಲಾಸಿಗೆ ಏನು ಹುಟ್ಟಿಸಬೇಕು ಎಂಬುದು ಆ ಕ್ಲಾಸನ್ನು ನೋಡಿದರೆ ಸಾಕು, ಹುಟ್ಟುವ ಪ್ರತಿ ಫೈಲಿಗೂ ಒಂದೇ ಮೂಲ ಇರಬೇಕು. ಆಗ ಬದಲಾದ ಕ್ಲಾಸಿಗೆ ಸಂಬಂಧಿಸಿದ್ದನ್ನಷ್ಟೇ ಗ್ರೇಡಲ್ ಮತ್ತೆ ಮಾಡುತ್ತದೆ. ಅಗ್ರಿಗೇಟಿಂಗ್ ಎಂದರೆ ಹಲವು ಕ್ಲಾಸುಗಳನ್ನು ಕೂಡಿಸಿ ಫೈಲು ಹುಟ್ಟಿಸುವುದು, ಅಂಥ ಆನೊಟೇಶನ್ ಹೊತ್ತ ಎಲ್ಲ ಕ್ಲಾಸುಗಳನ್ನೂ ಪ್ರತಿ ಸಲ ಮತ್ತೆ ಪ್ರೊಸೆಸರಿಗೆ ಕೊಡಬೇಕಾಗುತ್ತದೆ. ಏನನ್ನೂ ಘೋಷಿಸದ ಒಂದೇ ಒಂದು ಪ್ರೊಸೆಸರ್ ಪಟ್ಟಿಯಲ್ಲಿದ್ದರೂ ಇಡೀ ಮಾಡ್ಯೂಲ್ ಪೂರ್ತಿ ಕಂಪೈಲ್ ಆಗುತ್ತದೆ. ಲೊಂಬೊಕ್ ಮತ್ತು ಮ್ಯಾಪ್‌ಸ್ಟ್ರಕ್ಟ್ ಎರಡೂ ಐಸೊಲೇಟಿಂಗ್. ತಂಡದ ಗ್ರೇಡು ನೋಂದಣಿ ಸ್ವಭಾವದಲ್ಲೇ ಅಗ್ರಿಗೇಟಿಂಗ್, ಎಲ್ಲರನ್ನೂ ಕೂಡಿಸುವುದೇ ಅದರ ಕೆಲಸ. ಹಿಂದಿನ ಪಠ್ಯ ಫೈಲಿನಂಥದ್ದನ್ನು ಗ್ರೇಡಲ್‌ನಲ್ಲಾದರೆ ಕಂಪೈಲ್ ಟಾಸ್ಕಿನ ಒಳಹರಿವು ಎಂದು ಬಿಡಿಸಿ ಹೇಳಲೂ ಬರುತ್ತದೆ.

ನನ್ನ ಅಭಿಪ್ರಾಯದಲ್ಲಿ ಗ್ರೇಡಲ್‌ನ ಈ ವಿನ್ಯಾಸ ಹೆಚ್ಚು ಪ್ರಾಮಾಣಿಕವಾದದ್ದು, ಪ್ರೊಸೆಸರ್ ಏನು ಓದುತ್ತದೆ, ಏನು ಬರೆಯುತ್ತದೆ ಎಂದು ಅದರ ಬಾಯಿಂದಲೇ ಹೇಳಿಸುತ್ತದೆ. ಆದರೂ ಈಗ ಬೇಡ ಎಂದೆ. ಬೇಲೂರಿನ ಮೇಲೆ ಹಾದು 60 ಕಿಲೋಮೀಟರ್ ಆಚೆಯ ಗೇಟಿನಲ್ಲಿ ಲಾರಿಗಳು ನಿಲ್ಲುವ ಹೊತ್ತಿಗೆ ಬಿಲ್ಡ್ ಸಲಕರಣೆಯನ್ನೇ ಬದಲಿಸುವುದು ಕ್ಯೂರಿಂಗ್ ವರ್ಕ್ಸ್‌ಗೂ ಬೆಳೆಗಾರರಿಗೂ ಮಾಡುವ ಅನ್ಯಾಯ. ಪ್ರೊಸೆಸರುಗಳನ್ನು ಹೆಸರು ಹಿಡಿದು ಘೋಷಿಸಿ, ಬಚ್ಚಿಟ್ಟ ಒಳಹರಿವು ತೆಗೆದ ಮೇಲೆ ಮೇವನ್‌ನಲ್ಲೂ ಬಿಲ್ಡ್ ನಂಬಲರ್ಹವಾಗಿದೆ. ಇದೇ ಶುದ್ಧೀಕರಣ ಗ್ರೇಡಲ್‌ಗೆ ಹೋಗುವ ಮುನ್ನ ಹೇಗೂ ಮಾಡಬೇಕಾಗಿತ್ತು.

ಈಗ ಇರುವ ಸ್ಥಿತಿ

ಇಡೀ ಪ್ರಾಜೆಕ್ಟಿನ ಪಾಮ್ ಫೈಲಿನಲ್ಲಿ (ಮೇವನ್‌ನ ಸೆಟ್ಟಿಂಗ್ ಫೈಲು) ಒಂದೇ ಕಡೆ ಪ್ರೊಸೆಸರ್ ಪಟ್ಟಿ ಇದೆ, ಎಲ್ಲ ಮಾಡ್ಯೂಲುಗಳೂ ಅದನ್ನೇ ಪಡೆಯುತ್ತವೆ. ಪಟ್ಟಿಗೆ ಹೊಸ ಹೆಸರು ಸೇರಿಸುವ ಬದಲಾವಣೆಯನ್ನು ಇಬ್ಬರು ನೋಡಿ ಒಪ್ಪಬೇಕು ಎಂದು ತಂಡ ನಿಯಮ ಮಾಡಿಕೊಂಡಿದೆ. ಐಡಿಇಗಳಲ್ಲಿ ಕೈಯಿಂದ ಮಾಡಿದ್ದ ಪ್ರೊಸೆಸರ್ ಸೆಟ್ಟಿಂಗ್‌ಗಳನ್ನು ಅಳಿಸಿ ಮೇವನ್‌ನಿಂದಲೇ ಎತ್ತಿಕೊಳ್ಳುವಂತೆ ಮಾಡಿದ್ದಾರೆ. ಬಿಲ್ಡ್ ಸರ್ವರ್ ಪ್ರತಿ ರಾತ್ರಿ ಖಾಲಿ .ಎಂ2 ಫೋಲ್ಡರಿನಿಂದ ಶುರುಮಾಡಿ ಎಲ್ಲವನ್ನೂ ಹೊಸದಾಗಿ ಕಟ್ಟುತ್ತದೆ. ಹಳೆಯ ಜಾರ್ ಮರೆಯಲ್ಲಿ ಓಡುವುದಕ್ಕೆ ಅಲ್ಲಿ ಅವಕಾಶವಿಲ್ಲ. ಹಗಲಿನ ಕೆಲಸದಲ್ಲಿ ಕ್ಲೀನ್ ಹಾಕುವುದನ್ನು ಬಿಟ್ಟಿದ್ದಾರೆ.

ಚೀಟಿಯ ಪರೀಕ್ಷೆ ಈಗ ಎಲ್ಲ ಕ್ಷೇತ್ರಗಳನ್ನೂ ಹೋಲಿಸುತ್ತದೆ. ಪ್ರತಿ ಗ್ರೇಡಿಗೂ ಬೇರೆ ಬೇರೆ ತೂಕ ಕೊಟ್ಟು, ಎ ಗ್ರೇಡಿನದು ಬಿಗೆ ಹೋಗಿ ಕೂತರೂ ಸಿಕ್ಕಿಬೀಳುವಂತೆ ಬರೆದಿದ್ದಾರೆ. ಅದನ್ನು ಬರೆದ ಹುಡುಗಿಯ ಮನೆಯಲ್ಲೂ ಸಕಲೇಶಪುರದ ಕಡೆ ತೋಟವಿದೆಯಂತೆ. ಪೀಬೆರಿ ಶೂನ್ಯವಾದ ಲಾಟಿಗೂ, ಒಡೆದ ಬೀಜವೇ ಹೆಚ್ಚಾದ ಲಾಟಿಗೂ ಅವಳು ಬೇರೆ ಬೇರೆ ಪರೀಕ್ಷೆ ಸೇರಿಸಿದಳು. ನಾನು ಕೇಳಿದ್ದಕ್ಕಿಂತ ಒಳ್ಳೆಯ ಕೆಲಸ ಅದು.

ಚೀಟಿಯ ಕ್ಲಾಸನ್ನೇ ರೆಕಾರ್ಡ್ (ಬದಲಾಗದ ಮಾಹಿತಿಯನ್ನು ಹಿಡಿದಿಡುವ ಬಗೆಯ ಕ್ಲಾಸ್) ಆಗಿ ಬದಲಾಯಿಸಿದೆವು. ಜಾವಾ 16ರಿಂದ ರೆಕಾರ್ಡ್ ಭಾಷೆಯ ಸ್ಥಿರ ಭಾಗ, ಮ್ಯಾಪ್‌ಸ್ಟ್ರಕ್ಟ್‌ಗೂ ಅದು ಅರ್ಥವಾಗುತ್ತದೆ. ಕ್ಷೇತ್ರಗಳೆಲ್ಲ ಮೂಲ ಫೈಲಿನಲ್ಲೇ ಇರುವುದರಿಂದ ಯಾವ ಪ್ರೊಸೆಸರ್ ಮೊದಲು ಓಡಿದರೂ ಅವು ಕಾಣುತ್ತವೆ. ಒಂದು ತುಂಬದೆ ಉಳಿದರೆ ಅದೇ ಅನ್‌ಮ್ಯಾಪ್ಡ್ ಟಾರ್ಗೆಟ್ ಪಾಲಿಸಿ ಈಗ ಬಿಲ್ಡನ್ನು ನಿಲ್ಲಿಸುತ್ತದೆ. ಇದಕ್ಕಾಗಿ ಹಳೆಯ ಬೇಸ್ ಕ್ಲಾಸನ್ನು ಕೈಬಿಡಬೇಕಾಯಿತು, ರೆಕಾರ್ಡ್ ಬೇರೊಂದು ಕ್ಲಾಸಿನಿಂದ ಇಳಿದು ಬರಲಾರದು. ಎರಡು ಕ್ಷೇತ್ರಗಳನ್ನು ಮತ್ತೆ ಬರೆಯುವುದು ದೊಡ್ಡ ಬೆಲೆಯೇನಲ್ಲ.

ಡೇಟಾಬೇಸಿಗೆ ಹೊಂದಿಕೊಂಡ ಎಂಟಿಟಿ ಕ್ಲಾಸುಗಳು ಇನ್ನೂ ಲೊಂಬೊಕ್‌ನಲ್ಲೇ ಇವೆ. ಜೆಪಿಎ (ಜಾವಾ ಆಬ್ಜೆಕ್ಟುಗಳನ್ನು ಡೇಟಾಬೇಸಿನಲ್ಲಿ ಉಳಿಸುವ ಮಾನದಂಡ) ಎಂಟಿಟಿಗೆ ಬದಲಾಯಿಸಬಹುದಾದ ಕ್ಷೇತ್ರ, ಖಾಲಿ ಕನ್‌ಸ್ಟ್ರಕ್ಟರ್ ಎರಡೂ ಬೇಕು. ರೆಕಾರ್ಡ್ ಅಲ್ಲಿ ಹೊಂದುವುದಿಲ್ಲ. ಲೊಂಬೊಕ್ ಕಂಪೈಲರಿನ ಒಳಭಾಗಗಳನ್ನು ಹಿಡಿದುಕೊಂಡು ಕೆಲಸ ಮಾಡುವುದರಿಂದ ಮುಂದಿನ ಜೆಡಿಕೆ ಬಂದಾಗಲೂ ಅದಕ್ಕೆ ತಕ್ಕ ಲೊಂಬೊಕ್ ಬಂದಿದೆಯೇ ಎಂದು ನೋಡಿಕೊಂಡೇ ಹೆಜ್ಜೆಯಿಡಬೇಕು. ಕೊಯ್ಲು ಮುಗಿದು ಔಟ್‌ಟರ್ನ್ ಕೆಲಸ ಇಳಿದ ಮೇಲೆ ಎಂಟಿಟಿಗಳ ಗೆಟರ್, ಸೆಟರುಗಳನ್ನು ಐಡಿಇಯಿಂದಲೇ ಬರೆಸಿ ಲೊಂಬೊಕ್ಕನ್ನು ಪಟ್ಟಿಯಿಂದ ಪೂರ್ತಿ ಇಳಿಸಬೇಕೆಂಬುದು ನನ್ನ ಸಲಹೆ. ತಂಡ ಅದನ್ನು ಇನ್ನೂ ಒಪ್ಪಿಲ್ಲ. ಗ್ರೇಡು ನೋಂದಣಿ ಪ್ರೊಸೆಸರಿನ ಉಳಿದರ್ಧ ಬೇಕೇ, ಅಥವಾ ಈನಮ್ ಒಂದೇ ಸಾಕೇ ಎಂಬುದನ್ನೂ ಆಗಲೇ ಕೂತು ನೋಡುವುದೆಂದು ಆಗಿದೆ.